ಗೆದ್ದವರಿಲ್ಲದ ಸ್ಪರ್ಧೆಯಲ್ಲಿ ಹುಟ್ಟಿದ ಜನರ ದೋಣಿ

ಸ್ಪರ್ಧೆ ಎಂದ ಮೇಲೆ ಒಬ್ಬರು ಗೆಲ್ಲಬೇಕು, ಉಳಿದವರು ಸೋಲಬೇಕು. ಆದರೆ ಎರಡನೇ ಮಹಾಯುದ್ಧದ ನಡುವೆ ಸ್ವೀಡನ್ನಿನಲ್ಲಿ ನಡೆದ ಒಂದು ಸ್ಪರ್ಧೆಯಲ್ಲಿ ಯಾರೂ ಗೆಲ್ಲಲಿಲ್ಲ. ಸಾಮಾನ್ಯ ಸಂಬಳದಾರನ ಕೈಗೆ ಎಟಕುವಂಥ ಹಾಯಿದೋಣಿಯೊಂದರ ನಕ್ಷೆ ಸಿದ್ಧಪಡಿಸಿ ಕಳಿಸಿ ಎಂದು ಸ್ಕ್ಯಾಂಡಿನೇವಿಯದ ಹಾಯಿದೋಣಿ ಒಕ್ಕೂಟ ಕರೆ ಕೊಟ್ಟಿತ್ತು. 58 ನಕ್ಷೆಗಳು ಬಂದವು. ತೀರ್ಪುಗಾರರು ಎಲ್ಲವನ್ನೂ ನೋಡಿದರು. ಒಂದರ ಮುಂಭಾಗ ಚೆನ್ನಾಗಿತ್ತು, ಇನ್ನೊಂದರ ಹಿಂಭಾಗ ಹಿಡಿಸಿತು, ಮತ್ತೊಂದರಲ್ಲಿ ಖರ್ಚು ಕಡಿಮೆಯಿತ್ತು. ಆದರೆ ಇದೇ ಸರಿ ಎನ್ನುವಂಥದು ಒಂದೂ ಇರಲಿಲ್ಲ.

ಆಗ ಅವರು ವಿಚಿತ್ರವೆನ್ನಿಸುವ ತೀರ್ಮಾನಕ್ಕೆ ಬಂದರು. ಯಾರಿಗೂ ಪಟ್ಟ ಕಟ್ಟದೆ, ಮೆಚ್ಚುಗೆಯಾದ ಕೆಲವು ನಕ್ಷೆಗಳ ಒಳ್ಳೆಯ ಅಂಶಗಳನ್ನು ಆಯ್ದು ಒಂದುಗೂಡಿಸಿ ಹೊಸ ನಕ್ಷೆ ಬರೆಯುವಂತೆ ಟೋರ್ಡ್ ಸುಂಡೇನ್ ಎಂಬ ನೌಕಾ ವಿನ್ಯಾಸಕಾರನಿಗೆ ಒಪ್ಪಿಸಿದರು. 1942ರ ಏಪ್ರಿಲ್‌ನಲ್ಲಿ ಗೋಥೆನ್‌ಬರ್ಗ್ ನಗರದಲ್ಲಿ ಆ ಮಾದರಿಯ ಮೊದಲ ದೋಣಿ ನೀರಿಗಿಳಿಯಿತು. ಅದರ ಹೆಸರು ಫೋಕ್‌ಬೋಟ್. ಕನ್ನಡದಲ್ಲಿ ಹೇಳುವುದಾದರೆ 'ಜನರ ದೋಣಿ'.

ಯುದ್ಧ ಮುಗಿದ ಮೇಲೆ ಈ ಮರದ ದೋಣಿ ಉತ್ತರ ಯೂರೋಪಿನ ಬಂದರುಗಳನ್ನೆಲ್ಲ ತುಂಬಿಕೊಂಡಿತು. ಅಟ್ಲಾಂಟಿಕ್ ಸಾಗರವನ್ನು ಒಂಟಿಯಾಗಿ ದಾಟುವ ಮೊದಲ ಪಂದ್ಯದಲ್ಲಿ ಪಾಲ್ಗೊಂಡಿತು. ಈವರೆಗೆ 4 ಸಾವಿರಕ್ಕೂ ಹೆಚ್ಚು ಫೋಕ್‌ಬೋಟ್‌ಗಳು ತಯಾರಾಗಿವೆ. ಆದರೆ ಇದರ ಚರಿತ್ರೆಯಲ್ಲಿ ದೋಣಿಗಿಂತ ದೊಡ್ಡ ಪ್ರಶ್ನೆಯೊಂದಿದೆ. ಎಲ್ಲರಿಗೂ ಸೇರಿದ್ದು ಎನ್ನುವ ವಸ್ತುವನ್ನು ಹಾಗೆಯೇ ಉಳಿಸಿಕೊಳ್ಳುವುದು ಹೇಗೆ? ಅದಕ್ಕಾಗಿ ಯಾರು ಏನನ್ನು ಬಿಟ್ಟುಕೊಡಬೇಕಾಗುತ್ತದೆ?

ಹಣದ ಹಾಯಿ

ಇಪ್ಪತ್ತನೇ ಶತಮಾನದ ಮೊದಲರ್ಧದವರೆಗೂ ವಿಹಾರನೌಕೆ ಎಂದರೆ ಶ್ರೀಮಂತರ ಸೊತ್ತು. ಚಹಾದ ಪೊಟ್ಟಣಗಳ ಮೇಲೆ ನಾವು ಹೆಸರು ನೋಡಿರುವ ಸರ್ ಥಾಮಸ್ ಲಿಪ್ಟನ್ 1899ರಿಂದ 1930ರವರೆಗೆ ಐದು ಬಾರಿ ಅಮೆರಿಕಾಸ್ ಕಪ್ ಗೆಲ್ಲಲು ಯತ್ನಿಸಿ ಐದು ಬಾರಿಯೂ ಸೋತರು. ಪ್ರತಿ ಸಲವೂ ಹೊಸ ನೌಕೆ. 1930ರ ದಶಕದ ಆ ಪಂದ್ಯದ ನೌಕೆಗಳ ಹಾಯಿಕಂಬ 150 ಅಡಿಗೂ ಎತ್ತರ. ಅವುಗಳನ್ನು ನಡೆಸಲು ಸಂಬಳದ ನಾವಿಕರ ದಂಡೇ ಬೇಕಾಗಿತ್ತು. ಒಂದೆರಡು ವರ್ಷದಲ್ಲಿ ಎದುರಾಳಿ ಇನ್ನೂ ವೇಗದ ನೌಕೆ ಕಟ್ಟಿಸಿದರೆ ಹಳೆಯದು ಮೂಲೆಗೆ ಬೀಳುತ್ತಿತ್ತು. ಸ್ಪರ್ಧೆ ನೀರಿನ ಮೇಲೆ ನಡೆದರೂ ಅರ್ಧ ಫಲಿತಾಂಶ ಕಟ್ಟೆಯ ಮೇಲೆಯೇ, ಹಣದ ಚೀಲ ಬಿಚ್ಚುವಾಗಲೇ ತೀರ್ಮಾನವಾಗುತ್ತಿತ್ತು.

ಇದಕ್ಕೆ ಪರಿಹಾರವಾಗಿ ಹುಟ್ಟಿದ್ದು 'ಒಂದೇ ವಿನ್ಯಾಸ'ದ ಪದ್ಧತಿ. ಎಲ್ಲರ ದೋಣಿಯೂ ಒಂದೇ ಅಳತೆ, ಒಂದೇ ತೂಕ, ಒಂದೇ ವಿಸ್ತೀರ್ಣದ ಹಾಯಿ ಹೊಂದಿರಬೇಕು. ಆಗ ಗೆದ್ದವನು ತನ್ನ ಕೈಚಳಕದಿಂದ ಗೆದ್ದ ಎನ್ನಬಹುದು. ಐರ್ಲೆಂಡಿನ ಡಬ್ಲಿನ್ ಬಳಿ 1887ರಲ್ಲಿ ಶುರುವಾದ 'ವಾಟರ್ ವ್ಯಾಗ್' ಎಂಬ ಪುಟ್ಟ ದೋಣಿಗಳ ಸಂಘ ಈ ಪದ್ಧತಿಗೆ ನಾಂದಿ ಹಾಡಿತು. ಆ ಕಲ್ಪನೆಯ ಹಿಂದಿದ್ದವರು ಥಾಮಸ್ ಮಿಡಲ್‌ಟನ್. ಅಲ್ಲಿಂದ ಈ ಪದ್ಧತಿ ಹಲವು ದೇಶಗಳಿಗೆ ಹಬ್ಬಿತು.

ಆದರೆ ನಿಯಮವೊಂದೇ ಸಾಲದು. ನಾರ್ವೆಯ ಯೋಹಾನ್ ಆಂಕರ್ 1929ರಲ್ಲಿ ರೂಪಿಸಿದ 'ಡ್ರ್ಯಾಗನ್' ದೋಣಿಯ ಕತೆ ಇದಕ್ಕೆ ಸಾಕ್ಷಿ. ಯುವಕರು ಕಡಿಮೆ ಖರ್ಚಿನಲ್ಲಿ ಕೊಂಡು ದಡದಿಂದ ದಡಕ್ಕೆ ಸುತ್ತಾಡಲಿ, ರಾತ್ರಿ ಅದರಲ್ಲೇ ಮಲಗಲಿ ಎಂಬ ಉದ್ದೇಶದಿಂದ ಅದು ಹುಟ್ಟಿತು. ಕ್ರಮೇಣ ಅದು ಪಂದ್ಯಗಳ ಕಣ್ಮಣಿಯಾಯಿತು. 1948ರಿಂದ 1972ರವರೆಗೆ ಒಲಿಂಪಿಕ್ಸ್‌ನಲ್ಲೂ ಇತ್ತು. ಪಂದ್ಯದ ಘನತೆ ಏರಿದಂತೆ ದೋಣಿಯ ಬೆಲೆಯೂ ಏರಿತು, ಮಲಗುವ ಕೋಣೆಯ ಮಹತ್ವ ಕುಗ್ಗಿತು. ಬಡವನಿಗೆಂದು ಮಾಡಿದ್ದು ಸಿರಿವಂತನ ಪಾಲಾಗುವುದು ಎಷ್ಟು ಸುಲಭ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಎರಡು ವಾರದ ರಜೆ

ಫೋಕ್‌ಬೋಟ್ ಸ್ವೀಡನ್ನಿನಲ್ಲೇ ಹುಟ್ಟಿದ್ದಕ್ಕೆ ಕಾರಣಗಳಿವೆ. ಅಲ್ಲಿನ ಸೋಷಿಯಲ್ ಡೆಮಾಕ್ರಟಿಕ್ ನಾಯಕ ಪೆರ್ ಆಲ್ಬಿನ್ ಹಾನ್ಸನ್ 1928ರ ಭಾಷಣವೊಂದರಲ್ಲಿ ದೇಶವನ್ನು 'ಜನರ ಮನೆ'ಗೆ ಹೋಲಿಸಿದ್ದರು. ಒಳ್ಳೆಯ ಮನೆಯಲ್ಲಿ ಮುದ್ದಿನ ಮಗ, ಮಲಮಗ ಎಂಬ ಭೇದವಿರಬಾರದು ಎಂಬುದು ಆ ಮಾತಿನ ತಾತ್ಪರ್ಯ. 1932ರಲ್ಲಿ ಅವರು ಪ್ರಧಾನಿಯಾದರು. 1938ರಲ್ಲಿ ಸ್ವೀಡನ್ ಕಾನೂನೊಂದನ್ನು ಮಾಡಿ ಕಾರ್ಮಿಕರಿಗೆ ವರ್ಷಕ್ಕೆ ಎರಡು ವಾರದ ಸಂಬಳಸಹಿತ ರಜೆ ನೀಡಿತು.

ರಜೆಯೇನೋ ಬಂತು. ಅದನ್ನು ಕಳೆಯುವುದು ಎಲ್ಲಿ? ಸ್ಟಾಕ್‌ಹೋಮಿನ ಎದುರಿಗೇ ಸಾವಿರಾರು ದ್ವೀಪಗಳು ಚೆಲ್ಲಿಕೊಂಡಿವೆ. ಬೇಸಿಗೆಯಲ್ಲಿ ಅಲ್ಲಿ ಮಧ್ಯರಾತ್ರಿ ಹತ್ತಿರವಾದರೂ ಪೂರ್ತಿ ಕತ್ತಲಾಗುವುದಿಲ್ಲ. ಒಂದು ಚಿಕ್ಕ ದೋಣಿಯಿದ್ದರೆ ಸಂಸಾರ ಸಮೇತ ದ್ವೀಪದಿಂದ ದ್ವೀಪಕ್ಕೆ ಹೋಗುತ್ತ ಹದಿನೈದು ದಿನ ಕಳೆಯಬಹುದು. ಆದರೆ ಅಂಥ ದೋಣಿ ಗುಮಾಸ್ತನ, ಶಾಲಾ ಮಾಸ್ತರನ, ಕಾರ್ಖಾನೆಯ ಫಿಟ್ಟರ್‌ನ ಕೈಗೆ ಎಟಕಬೇಕಲ್ಲ?

ಅಷ್ಟರಲ್ಲಿ ಯುದ್ಧ ಬಂತು. 1940ರ ಏಪ್ರಿಲ್‌ನಲ್ಲಿ ಜರ್ಮನಿ ನೆರೆಯ ಡೆನ್ಮಾರ್ಕ್ ಮತ್ತು ನಾರ್ವೆಯನ್ನು ಆಕ್ರಮಿಸಿತು. ತಟಸ್ಥವಾಗಿದ್ದ ಸ್ವೀಡನ್ನಿಗೆ ಪಶ್ಚಿಮದ ಸಮುದ್ರಮಾರ್ಗ ಬಹುಮಟ್ಟಿಗೆ ಮುಚ್ಚಿಹೋಯಿತು. ಪೆಟ್ರೋಲ್ ಸಿಗದೆ ಕಾರು, ಬಸ್ಸುಗಳು ಕಟ್ಟಿಗೆ ಸುಟ್ಟು ತೆಗೆದ ಅನಿಲದಿಂದ ಓಡತೊಡಗಿದವು. ಇಂಥ ಕಾಲದಲ್ಲಿ ಗಾಳಿಯಿಂದ ನಡೆಯುವ, ದೇಶದಲ್ಲೇ ಬೆಳೆವ ಮರದಿಂದ ಕಟ್ಟಬಹುದಾದ ಅಗ್ಗದ ದೋಣಿಯ ಯೋಚನೆ ಸಕಾಲಿಕವಾಗಿಯೇ ಇತ್ತು.

ಯೋಜನೆಗೆ ಬೆನ್ನೆಲುಬಾಗಿ ನಿಂತವರಲ್ಲಿ ಹಡಗು ಕಂಪನಿಯ ಒಡೆಯ ಸ್ವೆನ್ ಸಲೇನ್ ಪ್ರಮುಖರು. ಇವರು 1936ರ ಒಲಿಂಪಿಕ್ಸ್‌ನ ಹಾಯಿದೋಣಿ ಪಂದ್ಯದಲ್ಲಿ ಕಂಚಿನ ಪದಕ ಗೆದ್ದವರು. ಇಟಲಿಯ ಜಿನೋವಾದಲ್ಲಿ ನಡೆದ ಪಂದ್ಯವೊಂದರಲ್ಲಿ ಇವರು ಬಳಸಿ ಜನಪ್ರಿಯಗೊಳಿಸಿದ ದೊಡ್ಡ ಮುಂಹಾಯಿಗೆ ಇಂದಿಗೂ 'ಜಿನೋವಾ' ಎಂದೇ ಹೆಸರು. ಆದರೆ ಇವರ ಬೆಂಬಲದಿಂದ ಬಂದ ಫೋಕ್‌ಬೋಟ್‌ನ ಪಂದ್ಯನಿಯಮಗಳಲ್ಲಿ ಆ ಜಿನೋವಾ ಹಾಯಿಗೆ ಜಾಗವಿಲ್ಲ! ಖರ್ಚು ಹೆಚ್ಚಿಸುವ ಯಾವುದೂ ಬೇಡ ಎಂಬ ನಿಲುವಿಗೆ ಇದೊಂದು ನಿದರ್ಶನ.

ಹಂಚು ಹೊದಿಸಿದ ಹಾಗೆ

ಫೋಕ್‌ಬೋಟ್‌ನ ಉದ್ದ ಸುಮಾರು 25 ಅಡಿ, ಅಂದರೆ ಏಳೂವರೆ ಮೀಟರಿಗೆ ತುಸು ಹೆಚ್ಚು. ಅಗಲ 2.2 ಮೀಟರ್. ನೀರಿನೊಳಗೆ ಮುಳುಗಿರುವ ಭಾಗದ ಆಳ ಸುಮಾರು 1.2 ಮೀಟರ್. ತೂಕ ಸುಮಾರು 1,930 ಕಿಲೋ. ಆ ತೂಕದಲ್ಲಿ ಅರ್ಧಕ್ಕೂ ಹೆಚ್ಚು ಪಾಲು ದೋಣಿಯ ತಳದಲ್ಲಿ ಉದ್ದಕ್ಕೆ ಜೋಡಿಸಿರುವ ಕಬ್ಬಿಣದ್ದು. ಈ ಅಡಿಭಾರಕ್ಕೆ ಕೀಲ್ ಎನ್ನುತ್ತಾರೆ. ಗಾಳಿ ಜೋರಾಗಿ ದೋಣಿ ಪಕ್ಕಕ್ಕೆ ವಾಲಿದಾಗ ಅಡಿಯ ಕಬ್ಬಿಣ ಅದನ್ನು ಮತ್ತೆ ನೆಟ್ಟಗೆ ಎಳೆಯುತ್ತದೆ. ನಮ್ಮ ಮಕ್ಕಳು ಆಡುವ, ಎಷ್ಟು ಸಲ ಬೀಳಿಸಿದರೂ ಎದ್ದು ನಿಲ್ಲುವ ಗೊಂಬೆಯ ಸೂತ್ರವೇ ಇದು.

ಹಾಯಿಗಳು ಎರಡೇ. ಕಂಬದ ಹಿಂದೆ ದೊಡ್ಡದೊಂದು, ಮುಂದೆ ಚಿಕ್ಕದೊಂದು. ಎರಡೂ ಸೇರಿ 24 ಚದರ ಮೀಟರ್, ಎಂದರೆ ಹದಿನಾರು ಅಡಿ ಉದ್ದಗಲದ ಒಂದು ಕೋಣೆಯ ನೆಲದಷ್ಟು. ಚುಕ್ಕಾಣಿಯನ್ನು ದೋಣಿಯ ಬೆನ್ನಿಗೆ ಹೊರಗಿನಿಂದಲೇ ತೂಗುಹಾಕಲಾಗಿದೆ. ಕೆಟ್ಟರೆ ಬಿಚ್ಚಿ ಸರಿಪಡಿಸುವುದು ಸುಲಭ. ಒಳಗೆ ಮಲಗಲು ಜಾಗವಿದೆ. ಕುಳಿತುಕೊಳ್ಳಬಹುದು, ನಿಲ್ಲುವಂತಿಲ್ಲ. ಸೌಕರ್ಯ ಇಷ್ಟೇ.

ಇದರ ಹೊರಮೈಯ ಕಟ್ಟೋಣ ಗಮನಾರ್ಹ. ಸಾಮಾನ್ಯ ವಿಹಾರನೌಕೆಗಳಲ್ಲಿ ಹಲಗೆಗಳನ್ನು ಅಂಚಿಗೆ ಅಂಚು ಕೂಡಿಸಿ ಮೈಯನ್ನು ನುಣುಪಾಗಿ ಮಾಡುತ್ತಾರೆ. ಫೋಕ್‌ಬೋಟ್‌ನಲ್ಲಿ ಹಾಗಲ್ಲ. ಮಂಗಳೂರು ಹಂಚಿನ ಮಾಡಿನಲ್ಲಿ ಒಂದು ಸಾಲಿನ ಮೇಲೆ ಇನ್ನೊಂದು ಸಾಲು ಏರಿ ಕೂರುವ ಹಾಗೆ, ಇಲ್ಲಿ ಒಂದು ಹಲಗೆಯ ಕೆಳ ಅಂಚು ಇನ್ನೊಂದರ ಮೇಲ್ಅಂಚಿನ ಮೇಲೆ ಕೂರುತ್ತದೆ. ಎರಡನ್ನೂ ತಾಮ್ರದ ಮೊಳೆಗಳಿಂದ ಬಿಗಿಯುತ್ತಾರೆ. ಒಳಗಿನಿಂದ ಓಕ್ ಮರದ ಪಟ್ಟಿಗಳನ್ನು ಹಬೆಯಲ್ಲಿ ಮೆತ್ತಗೆ ಮಾಡಿ, ಬಿಸಿಯಿರುವಾಗಲೇ ಬಾಗಿಸಿ, ಪಕ್ಕೆಲುಬಿನಂತೆ ಕೂರಿಸುತ್ತಾರೆ. ಇದು 'ಕ್ಲಿಂಕರ್' ಪದ್ಧತಿ. ಸಾವಿರ ವರ್ಷಗಳ ಹಿಂದೆ ವೈಕಿಂಗರು ತಮ್ಮ ನೌಕೆಗಳನ್ನು ಕಟ್ಟಿದ್ದೂ ಹೀಗೆಯೇ.

ಹಳೆಯ ಪದ್ಧತಿಯನ್ನು ಆರಿಸಿಕೊಂಡದ್ದು ಬರೀ ಅಭಿಮಾನದಿಂದಲ್ಲ. ಹಲಗೆಗಳು ಒಂದನ್ನೊಂದು ತಬ್ಬಿರುವುದರಿಂದ ತೆಳುವಾದ ಮರದಲ್ಲೂ ಮೈ ಗಟ್ಟಿಯಾಗುತ್ತದೆ. ಸ್ಕ್ಯಾಂಡಿನೇವಿಯದ ಕರಾವಳಿಯಲ್ಲಿ ಮೀನುಗಾರರ ದೋಣಿ ಕಟ್ಟುವ ಬಡಗಿಗಳಿಗೆ ಈ ಕೆಲಸ ಕೈಗತವಾಗಿತ್ತು. ವಿಹಾರನೌಕೆಯ ದುಬಾರಿ ಕಾರ್ಖಾನೆಗೇ ಹೋಗಬೇಕಿರಲಿಲ್ಲ. ಊರ ಬಡಗಿಯೇ ಚಳಿಗಾಲದಲ್ಲಿ ಒಂದು ದೋಣಿ ಕಟ್ಟಿ ಮಾರಬಹುದಿತ್ತು. ಕೈಯಲ್ಲಿ ಹುನ್ನರಿದ್ದವರು ತಾವೇ ಕಟ್ಟಿಕೊಂಡದ್ದೂ ಉಂಟು. 'ಜನರ ದೋಣಿ' ಎಂಬ ಹೆಸರಿನಲ್ಲಿ ಸವಾರಿ ಮಾಡುವ ಜನ ಮಾತ್ರವಲ್ಲ, ಕಟ್ಟುವ ಜನರೂ ಸೇರಿದ್ದರು.

ಹಲವು ಬಡಗಿಗಳು ಹಲವು ಊರುಗಳಲ್ಲಿ ಕಟ್ಟಿದ ಮೇಲೆ ಎಲ್ಲವೂ ಒಂದೇ ಎಂದು ಹೇಗೆ ಖಾತ್ರಿಯಾಗುತ್ತದೆ? ಅದಕ್ಕೆಂದೇ ಅಳತೆಗಾರರಿದ್ದಾರೆ. ದೋಣಿಯ ಉದ್ದ, ಅಗಲ, ಮೈಯ ಬಾಗು, ಕಬ್ಬಿಣದ ತೂಕ, ಹಾಯಿಯ ಅಂಚುಗಳನ್ನು ಅವರು ಅಳೆಯುತ್ತಾರೆ. ನಿಯಮದ ಮಿತಿಯೊಳಗಿದ್ದರೆ ಪ್ರಮಾಣಪತ್ರ, ಇಲ್ಲದಿದ್ದರೆ ಪಂದ್ಯಕ್ಕೆ ಪ್ರವೇಶವಿಲ್ಲ. ಮರ ಉಳಿಸಿ ಹಗುರ ಮಾಡಿದೆ ಎಂದರೂ, ಇನ್ನಷ್ಟು ಚೂಪು ಮಾಡಿದೆ ಎಂದರೂ ಶಭಾಷ್‌ಗಿರಿ ಸಿಗುವುದಿಲ್ಲ.

ಯುದ್ಧ ಮುಗಿದ ಮೇಲೆ

1945ರಲ್ಲಿ ಯುದ್ಧ ಮುಗಿಯಿತು. ಸಮುದ್ರದ ದಾರಿಗಳು ತೆರೆದವು. ಫೋಕ್‌ಬೋಟ್ ಮೊದಲು ದಾಟಿದ್ದು ನೆರೆಯ ಡೆನ್ಮಾರ್ಕಿಗೆ. ಐದು ವರ್ಷ ಪರರ ಆಳ್ವಿಕೆಯಲ್ಲಿದ್ದ ಆ ದೇಶದಲ್ಲಿ ಈ ದೋಣಿ ಮನೆಮಾತಾಯಿತು. ನಂತರ ಜರ್ಮನಿಯ ಬಾಲ್ಟಿಕ್ ದಡ, ಫಿನ್ಲೆಂಡ್, ಇಂಗ್ಲೆಂಡಿನ ದಕ್ಷಿಣ ಕರಾವಳಿ, ಅಲ್ಲಿಂದ ಅಟ್ಲಾಂಟಿಕ್ ದಾಟಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿ. ಆ ಕೊಲ್ಲಿಯಲ್ಲಿ ಬೇಸಿಗೆಯ ಮಧ್ಯಾಹ್ನಗಳಲ್ಲಿ ಬೀಸುವ ಗಾಳಿ ಬಲು ಬಿರುಸು. ಹಗುರ ದೋಣಿಗಳು ತತ್ತರಿಸುವಲ್ಲಿ ಅಡಿಭಾರದ ಫೋಕ್‌ಬೋಟ್ ನೆಮ್ಮದಿಯಿಂದ ಸಾಗುತ್ತಿತ್ತು. ಅಲ್ಲಿ ಅದರ ದೊಡ್ಡ ತಂಡವೇ ಬೆಳೆಯಿತು.

ಯೂರೋಪಿನ ನಗರಗಳು ಇನ್ನೂ ಬಾಂಬಿನ ಅವಶೇಷ ಎತ್ತುತ್ತಿದ್ದ ದಿನಗಳವು. ಹಲವು ದೇಶಗಳಲ್ಲಿ ಸಾಮಾನುಗಳಿಗೆ ರೇಷನ್ ಇತ್ತು. ಅಂಥಲ್ಲಿ ಹಾಯಿದೋಣಿಯೊಂದು ಜನಪ್ರಿಯವಾಯಿತು ಎಂಬುದೇ ಸೋಜಿಗ. ಯುದ್ಧದಿಂದ ಮರಳಿದವರಿಗೆ ಭಾನುವಾರ ಒಂದು ಹೊತ್ತು ನೀರಿನ ಮೇಲೆ ಕಳೆಯುವ ಆಸೆ. ವಾರದ ದಿನ ಅದೇ ದೋಣಿಯಲ್ಲಿ ಸಂಜೆಯ ಪಂದ್ಯ, ರಜೆಯಲ್ಲಿ ಸಂಸಾರದ ಪ್ರವಾಸ. ಒಂದೇ ದೋಣಿ ಎರಡೂ ಕೆಲಸಕ್ಕೆ ಒದಗಿದ್ದು ಅದರ ಯಶಸ್ಸಿನ ಗುಟ್ಟು.

ಒಂಟಿಯಾಗಿ ಅಟ್ಲಾಂಟಿಕ್‌ಗೆ

ದ್ವೀಪಗಳ ನಡುವೆ ಓಡಾಡಲೆಂದು ಮಾಡಿದ ದೋಣಿ ಮಹಾಸಾಗರಕ್ಕೆ ಇಳಿಯಬಲ್ಲದೆ? ಇಂಗ್ಲೆಂಡಿನ ಹರ್ಬರ್ಟ್ 'ಬ್ಲಾಂಡಿ' ಹ್ಯಾಸ್ಲರ್ ಇದಕ್ಕೆ ಉತ್ತರ ಕೊಟ್ಟರು. ಹ್ಯಾಸ್ಲರ್ ಸಾಮಾನ್ಯರಲ್ಲ. 1942ರ ಡಿಸೆಂಬರ್‌ನಲ್ಲಿ ಜರ್ಮನರ ವಶದಲ್ಲಿದ್ದ ಫ್ರಾನ್ಸಿನ ಬೋರ್ಡೊ ಬಂದರಿಗೆ ಚಿಕ್ಕ ಕನೂಗಳಲ್ಲಿ ನುಗ್ಗಿ ಹಡಗುಗಳಿಗೆ ಸ್ಫೋಟಕ ಅಂಟಿಸಿದ ತಂಡದ ನಾಯಕ ಅವರು. ಕನೂ ಏರಿ ಹೊರಟ ಹತ್ತು ಜನರಲ್ಲಿ ಬದುಕಿ ಮರಳಿದವರು ಇಬ್ಬರೇ. ಅವರಲ್ಲೊಬ್ಬರು ಹ್ಯಾಸ್ಲರ್.

1953ರಲ್ಲಿ ಅವರು ಫೋಕ್‌ಬೋಟ್ ಆಕಾರದ ದೋಣಿಯೊಂದನ್ನು ಕಟ್ಟಿಸಿ 'ಜೆಸ್ಟರ್' ಎಂದು ಹೆಸರಿಟ್ಟರು. ಎಂದರೆ ವಿದೂಷಕ. ಮೂಲ ವಿನ್ಯಾಸವನ್ನು ಅವರು ಹಾಗೆಯೇ ಉಳಿಸಿಕೊಳ್ಳಲಿಲ್ಲ. ಹಲಗೆಗಳನ್ನು ಅಂಚಿಗೆ ಅಂಚು ಕೂಡಿಸಿದರು, ಮೇಲ್ಭಾಗವನ್ನು ಮುಚ್ಚಿದರು, ಕೊನೆಗೆ ಚೀನೀ ದೋಣಿಗಳಲ್ಲಿರುವಂಥ ಅಡ್ಡಕಡ್ಡಿಗಳ ಒಂದೇ ಹಾಯಿಯನ್ನು ಏರಿಸಿದರು. ಮೇಲಿನ ಕಿಂಡಿಯಿಂದ ತಲೆ ಹೊರಹಾಕಿ ಹಗ್ಗ ಎಳೆದರೆ ಸಾಕು, ಹಾಯಿಯನ್ನು ಬೇಕಾದಷ್ಟು ಮಡಚಬಹುದಿತ್ತು. ಗಾಳಿಯ ದಿಕ್ಕನ್ನು ಅನುಸರಿಸಿ ತಾನೇ ಚುಕ್ಕಾಣಿ ತಿರುಗಿಸುವ ಸಾಧನವನ್ನೂ ಅವರು ರೂಪಿಸಿದರು.

1960ರ ಜೂನ್‌ನಲ್ಲಿ ಇಂಗ್ಲೆಂಡಿನ ಪ್ಲಿಮತ್‌ನಿಂದ ನ್ಯೂಯಾರ್ಕಿಗೆ ಒಂಟಿ ನಾವಿಕರ ಪಂದ್ಯ ನಡೆಯಿತು. ಇದರ ಕಲ್ಪನೆ ಹ್ಯಾಸ್ಲರ್ ಅವರದೇ. 'ಅಬ್ಸರ್ವರ್' ಪತ್ರಿಕೆ ಬೆಂಬಲ ಕೊಟ್ಟಿತು. ಭಾಗವಹಿಸಿದವರು ಐವರು. ಫ್ರಾನ್ಸಿಸ್ ಚಿಚೆಸ್ಟರ್ ತಮ್ಮ ದೊಡ್ಡ ನೌಕೆಯಲ್ಲಿ 40 ದಿನಗಳಲ್ಲಿ ಗುರಿ ಮುಟ್ಟಿ ಗೆದ್ದರು. 25 ಅಡಿಯ ಜೆಸ್ಟರ್ 48 ದಿನಗಳಲ್ಲಿ ಎರಡನೆಯದಾಗಿ ಬಂತು. ವೇಲ್ಸ್‌ನ ವ್ಯಾಲ್ ಹೊವೆಲ್ಸ್ ಅವರ ದೋಣಿಯೂ ಫೋಕ್‌ಬೋಟೇ. ಐದರಲ್ಲಿ ಎರಡು ದೋಣಿಗಳು ಆ ಕುಲದವು. ಐವರೂ ದಡ ಸೇರಿದರು.

ಇನ್ನೊಂದು ಸಾಗರದ ಕತೆ 1965ರದು. ಕ್ಯಾಲಿಫೋರ್ನಿಯಾದ ಶರಾನ್ ಸೈಟ್ಸ್ ಆಡಮ್ಸ್ ಪತಿಯನ್ನು ಕಳೆದುಕೊಂಡ ಮೇಲೆ ಹಾಯಿದೋಣಿ ನಡೆಸಲು ಕಲಿತವರು. ಕಲಿತು ಒಂದು ವರ್ಷ ಕೂಡ ತುಂಬಿರಲಿಲ್ಲ. ಡೆನ್ಮಾರ್ಕಿನಲ್ಲಿ ಕಟ್ಟಿದ ಫೋಕ್‌ಬೋಟ್ ಒಂದನ್ನು ಏರಿ ಹವಾಯಿ ದ್ವೀಪಕ್ಕೆ ಒಬ್ಬರೇ ಹೊರಟು 39 ದಿನಗಳಲ್ಲಿ ತಲುಪಿದರು. ಈ ಹಾದಿಯನ್ನು ಒಂಟಿಯಾಗಿ ಕ್ರಮಿಸಿದ ಮೊದಲ ಮಹಿಳೆ ಅವರೇ. ಹಾಯಿದೋಣಿ ಗಂಡಸರ ಕ್ಲಬ್ಬಿನ ಸ್ವತ್ತು ಎಂಬ ಭಾವನೆ ಗಟ್ಟಿಯಾಗಿದ್ದ ಕಾಲದಲ್ಲಿ ಇದು ಸಣ್ಣ ಮಾತಲ್ಲ.

ಪ್ಲಿಮತ್‌ನ ಪಂದ್ಯದಿಂದ ಶುರುವಾದ ಒಂಟಿ ಯಾನದ ಹುಮ್ಮಸ್ಸು ಭಾರತವನ್ನೂ ಬೇರೊಂದು ರೀತಿಯಲ್ಲಿ ಮುಟ್ಟಿತು. 1968-69ರಲ್ಲಿ ಎಲ್ಲೂ ನಿಲ್ಲದೆ ಒಂಟಿಯಾಗಿ ಭೂಮಿಯನ್ನು ಸುತ್ತಿದ ಮೊದಲಿಗ ರಾಬಿನ್ ನಾಕ್ಸ್-ಜಾನ್‌ಸ್ಟನ್ ಅವರ 'ಸುಹೈಲಿ' ನೌಕೆ ಕಟ್ಟಿದ್ದು ಮುಂಬಯಿಯಲ್ಲಿ, ತೇಗದ ಮರದಿಂದ. ಅದರ ಪ್ರತಿಕೃತಿಯಾದ 'ತುರಿಯ'ವನ್ನು ಗೋವಾದಲ್ಲಿ ಕಟ್ಟಲಾಯಿತು. ಭಾರತೀಯ ನೌಕಾಪಡೆಯ ಅಭಿಲಾಷ್ ಟಾಮಿ 2018ರ ಪಂದ್ಯಕ್ಕೆ ಹೊರಟದ್ದು ಅದರಲ್ಲಿ. ಸುಹೈಲಿ ಫೋಕ್‌ಬೋಟ್ ಅಲ್ಲ. ಆದರೆ ಚಿಕ್ಕ ಮರದ ದೋಣಿಯಲ್ಲಿ ಒಬ್ಬರೇ ಸಾಗರ ದಾಟಬಹುದು ಎಂಬ ಧೈರ್ಯವನ್ನು ಆ ತಲೆಮಾರಿಗೆ ಕೊಟ್ಟವುಗಳಲ್ಲಿ ಜೆಸ್ಟರ್ ಒಂದು.

ಮರಕ್ಕೆ ಬಂದ ಆಪತ್ತು

1960ರ ದಶಕದಲ್ಲಿ ಫೈಬರ್‌ಗ್ಲಾಸ್ ಬಂತು. ಗಾಜಿನ ನೂಲಿನ ಬಟ್ಟೆಯನ್ನು ಅಚ್ಚಿನ ಮೇಲೆ ಹಾಸಿ, ರಾಳ ಹಚ್ಚಿ ಒಣಗಿಸಿದರೆ ದೋಣಿಯ ಮೈ ಸಿದ್ಧ. ಒಂದು ಅಚ್ಚಿನಿಂದ ನೂರಾರು ದೋಣಿ ತೆಗೆಯಬಹುದು. ಮರ ಒಣಗಿ ಬಿರುಕು ಬಿಡುವ, ಕೊಳೆಯುವ, ವರ್ಷವರ್ಷ ಬಣ್ಣ ಬಳಿಯುವ ತಾಪತ್ರಯ ಇಲ್ಲ. ಬಡಗಿಯ ಕೂಲಿ ಏರುತ್ತಿದ್ದ ಯೂರೋಪಿನಲ್ಲಿ ಮರದ ದೋಣಿಯೇ ದುಬಾರಿಯಾಗತೊಡಗಿತು. ಅಗ್ಗವೆಂದು ಆರಿಸಿಕೊಂಡ ಪದ್ಧತಿಯೇ ಈಗ ಹೊರೆಯಾಯಿತು.

ಹಲವರು ಫೋಕ್‌ಬೋಟ್‌ನಿಂದ ಸ್ಫೂರ್ತಿ ಪಡೆದು ಹೊಸ ದೋಣಿಗಳನ್ನು ಮಾಡಿದರು. ಇಂಗ್ಲೆಂಡಿನ ಜೆರೆಮಿ ರಾಜರ್ಸ್ ಮತ್ತು ಡೇವಿಡ್ ಸ್ಯಾಡ್ಲರ್ ಹೊರತಂದ 'ಕಾಂಟೆಸ್ಸಾ 26' ಅಂಥದು. 1985ರಲ್ಲಿ 18ನೇ ವಯಸ್ಸಿಗೆ ನ್ಯೂಯಾರ್ಕ್ ಬಿಟ್ಟು 1987ರಲ್ಲಿ ಭೂಪ್ರದಕ್ಷಿಣೆ ಮುಗಿಸಿದ ತಾನಿಯಾ ಎಬಿ ಹೋದದ್ದು ಈ ಮಾದರಿಯಲ್ಲಿ. ಸ್ವತಃ ಟೋರ್ಡ್ ಸುಂಡೇನ್ ಕೂಡ ನುಣುಪು ಮೈಯ ಫೈಬರ್‌ಗ್ಲಾಸ್ ದೋಣಿಯೊಂದನ್ನು ರೂಪಿಸಿದರು. ಸ್ವೀಡನ್ನಿನ ಮರಿಯೆಹೋಮ್‌ನಲ್ಲಿ 1967ರಿಂದ ತಯಾರಾದ ಅದು 'ಅಂತಾರಾಷ್ಟ್ರೀಯ ಫೋಕ್‌ಬೋಟ್' ಎಂದು ಪ್ರಸಿದ್ಧವಾಗಿ 3 ಸಾವಿರಕ್ಕೂ ಹೆಚ್ಚು ಮಾರಾಟವಾಯಿತು. ಆದರೆ ಅದು ಬೇರೆಯೇ ವರ್ಗದ ದೋಣಿ. ಮೂಲ ಫೋಕ್‌ಬೋಟ್‌ಗಳ ಪಂದ್ಯಕ್ಕೆ ಅದಕ್ಕೆ ಪ್ರವೇಶವಿಲ್ಲ.

ಮೂಲ ಫೋಕ್‌ಬೋಟ್‌ನ ಸಂಘದ ಮುಂದೆ ಇಕ್ಕಟ್ಟಿನ ಪ್ರಶ್ನೆ ನಿಂತಿತು. ಫೈಬರ್‌ಗ್ಲಾಸ್ ಬೇಡವೆಂದರೆ ಹೊಸ ದೋಣಿ ಕಟ್ಟುವವರಿಲ್ಲದೆ ವರ್ಗವೇ ಸಾಯುತ್ತದೆ. ಬೇಕೆಂದರೆ ಹಗುರವಾದ ಹೊಸ ದೋಣಿಗಳು ಮುಂದೋಡಿ, ಸಾವಿರಾರು ಮನೆಗಳ ಮರದ ದೋಣಿಗಳು ಒಂದೇ ಋತುವಿನಲ್ಲಿ ಬೆಲೆ ಕಳೆದುಕೊಳ್ಳುತ್ತವೆ. ಉಳಿತಾಯದ ಹಣ ಹಾಕಿ ದೋಣಿ ಕೊಂಡ ಮಾಸ್ತರನಿಗೆ, ಫಿಟ್ಟರ್‌ಗೆ ಅದು ಮೋಸವೇ ಸರಿ.

1970ರ ದಶಕದಲ್ಲಿ ಡೆನ್ಮಾರ್ಕಿನಲ್ಲಿ ದಾರಿ ಸಿಕ್ಕಿತು. ಅಲ್ಲಿ ತಯಾರಿಸಿದ ಫೈಬರ್‌ಗ್ಲಾಸ್ ಫೋಕ್‌ಬೋಟ್‌ನ ಮೈಮೇಲೆ ಹಲಗೆ ಹಲಗೆಯ ಗೆರೆಯೂ ಹಾಗೆಯೇ ಇತ್ತು. ಹಂಚು ಹೊದಿಸಿದಂಥ ಆ ಮೆಟ್ಟಿಲುಗಳು ಹೊಸ ವಸ್ತುವಿಗೆ ಬೇಕಿರಲೇ ಇಲ್ಲ. ಆದರೂ ಉಳಿಸಿದರು, ಏಕೆಂದರೆ ನೀರು ಮೈಯನ್ನು ಸವರಿ ಹೋಗುವ ರೀತಿ ಬದಲಾಗಬಾರದಿತ್ತು. ತೂಕವನ್ನೂ ಮರದ ದೋಣಿಗೆ ಸಮ ಮಾಡಿದರು. ತೂಕ ಎಲ್ಲೆಲ್ಲಿ ಎಷ್ಟಿರಬೇಕು ಎಂಬುದನ್ನೂ ಹೊಂದಿಸಿದರು. ಎಂಜಿನಿಯರುಗಳು ಸಾಮಾನ್ಯವಾಗಿ ಹೊಸದನ್ನು ಹಳೆಯದಕ್ಕಿಂತ ಉತ್ತಮಪಡಿಸಲು ದುಡಿಯುತ್ತಾರೆ. ಇಲ್ಲಿ ಹೊಸದು ಹಳೆಯದಕ್ಕಿಂತ ಒಂದು ಗೇಣೂ ಮುಂದೆ ಹೋಗದಂತೆ ದುಡಿದರು. ಫಲವಾಗಿ ಮರದ್ದೂ ಫೈಬರ್‌ಗ್ಲಾಸಿನದೂ ಒಂದೇ ಸಾಲಿನಲ್ಲಿ ನಿಂತು ಓಡತೊಡಗಿದವು.

ಹೆಸರು ಯಾರದು?

ಇನ್ನು ಉಳಿದದ್ದು ಸುಂಡೇನ್ ಅವರ ಮಾತು. ಅಂತಿಮ ನಕ್ಷೆಯ ಪ್ರತಿ ಗೆರೆಯನ್ನೂ ಎಳೆದವರು ಅವರು. ಬೇರೆ ಬೇರೆ ನಕ್ಷೆಗಳ ಮೂಗು, ಬೆನ್ನು, ಹೊಟ್ಟೆಗಳನ್ನು ಸುಮ್ಮನೆ ಅಂಟಿಸಿದರೆ ದೋಣಿಯಾಗುವುದಿಲ್ಲ. ಒಂದು ಕಡೆ ಬಾಗು ಬದಲಿಸಿದರೆ ಇನ್ನೊಂದು ಕಡೆ ತೂಕ ತಪ್ಪುತ್ತದೆ. ಎಲ್ಲವನ್ನೂ ಸಮದೂಗಿಸಿ ಒಂದು ಜೀವವಾಗಿ ಮಾಡಿದ್ದು ತಮ್ಮ ಕೆಲಸ, ಆದ್ದರಿಂದ ಫೋಕ್‌ಬೋಟ್ ತಮ್ಮದೇ ವಿನ್ಯಾಸ ಎಂದು ಅವರು ಪ್ರತಿಪಾದಿಸಿದರು. ತಮಗೆ ಸಲ್ಲಬೇಕಾದ ಮನ್ನಣೆಯೂ ಗೌರವಧನವೂ ಸಲ್ಲಲಿಲ್ಲ ಎಂಬ ಅಳಲು ಅವರನ್ನು ಬಹುಕಾಲ ಬಿಡಲಿಲ್ಲ. ಒಕ್ಕೂಟದ ದೃಷ್ಟಿಯಲ್ಲಿ ದೋಣಿ ಸ್ಪರ್ಧೆಯಿಂದ, ಹಲವರ ಕಾಣಿಕೆಯಿಂದ ಹುಟ್ಟಿದ್ದು.

ಇಬ್ಬರ ಮಾತಿನಲ್ಲೂ ಸತ್ಯವಿದೆ. ಒಬ್ಬನ ಕೈಯಿಲ್ಲದೆ ಆ ದೋಣಿಗೆ ಅಂಥ ಚೆಲುವು ಬರುತ್ತಿರಲಿಲ್ಲ. ಆದರೆ ಅದು ಒಬ್ಬನ ಆಸ್ತಿಯಾಗಿ, ಪ್ರತಿ ದೋಣಿಗೂ ಕಪ್ಪ ಕೊಡಬೇಕಾಗಿದ್ದರೆ ಹಳ್ಳಿಯ ಬಡಗಿ ಅಷ್ಟು ಸಲೀಸಾಗಿ ಕೆಲಸಕ್ಕೆ ಕೈ ಹಚ್ಚುತ್ತಿದ್ದನೆ? ಜಾನಪದ ಗೀತೆಗೆ ಕರ್ತೃವಿನ ಹೆಸರಿಲ್ಲ ಎಂದು ನಾವು ಹೆಮ್ಮೆಯಿಂದ ಹೇಳುತ್ತೇವೆ. ಆದರೆ ಮೊದಲು ಹಾಡಿದವರು ಯಾರೋ ಇದ್ದೇ ಇರುತ್ತಾರೆ. ಫೋಕ್‌ಬೋಟ್‌ನ ವಿಷಯದಲ್ಲಿ ಆ ಮೊದಲ ಹಾಡುಗಾರ ಎದುರಿಗೇ ಇದ್ದ, ತನ್ನ ಹೆಸರು ಕೇಳುತ್ತಿದ್ದ. 'ಜನರ' ಎಂಬ ವಿಶೇಷಣಕ್ಕೆ ತೆತ್ತ ಬೆಲೆಯಲ್ಲಿ ಅವನ ಪಾಲೇ ಹೆಚ್ಚು. ಇಂದು ಫೋಕ್‌ಬೋಟ್‌ನ ಪ್ರಸ್ತಾಪ ಬಂದಲ್ಲೆಲ್ಲ ಸುಂಡೇನ್ ಹೆಸರೂ ಬರುತ್ತದೆ ಎಂಬುದಷ್ಟೇ ಸಮಾಧಾನ.

ಮುಳುಗಿದ ಮೇಲೂ

ಜೆಸ್ಟರ್‌ಗೆ ಏನಾಯಿತು? ಹ್ಯಾಸ್ಲರ್ ನಂತರ ಅದನ್ನು ಮೈಕ್ ರಿಚಿ ಎಂಬ ನೌಕಾಯಾನ ತಜ್ಞ ಪಡೆದು ವರ್ಷಗಟ್ಟಲೆ ಅಟ್ಲಾಂಟಿಕ್‌ನಲ್ಲಿ ನಡೆಸಿದರು. 1988ರ ಪಂದ್ಯದಲ್ಲಿ ದೋಣಿ ಅಲೆಗಳ ಹೊಡೆತಕ್ಕೆ ಸಿಕ್ಕಿತು. ಎಪ್ಪತ್ತು ದಾಟಿದ್ದ ರಿಚಿಯವರನ್ನು ಹಡಗೊಂದು ಕಾಪಾಡಿತು. ಜೆಸ್ಟರ್ ಸಾಗರದ ಪಾಲಾಯಿತು. ಆದರೆ ಅದರ ಅಭಿಮಾನಿಗಳು ಹಣ ಕೂಡಿಸಿ ಅದೇ ಅಳತೆಯ ಇನ್ನೊಂದು ಜೆಸ್ಟರ್ ಕಟ್ಟಿಸಿದರು. 1992ರಲ್ಲಿ ರಿಚಿ ಮತ್ತೆ ಅಟ್ಲಾಂಟಿಕ್‌ಗೆ ಹೊರಟರು. 2006ರಿಂದ 'ಜೆಸ್ಟರ್ ಚಾಲೆಂಜ್' ಎಂಬ ಹೆಸರಿನಲ್ಲಿ ಚಿಕ್ಕ ದೋಣಿಗಳ ಒಂಟಿ ಯಾನ ನಡೆಯುತ್ತ ಬಂದಿದೆ. ದೊಡ್ಡ ಪಂದ್ಯಗಳು ಪ್ರಾಯೋಜಕರ, ಕೋಟಿಗಟ್ಟಲೆ ಹಣದ ಕೈಸೇರಿದ ಮೇಲೆ ಚಿಕ್ಕವರು ಮಾಡಿಕೊಂಡ ವ್ಯವಸ್ಥೆ ಅದು.

ಫೋಕ್‌ಬೋಟ್ ಒಲಿಂಪಿಕ್ಸ್‌ಗೆ ಎಂದೂ ಹೋಗಲಿಲ್ಲ. ಒಂದು ರೀತಿಯಲ್ಲಿ ಅದೇ ಅದನ್ನು ಉಳಿಸಿತು ಎನ್ನಬಹುದು. ಪದಕದ ಆಸೆಗೆ ಹಣ ಸುರಿಯುವವರು ಅದರತ್ತ ತಿರುಗಲಿಲ್ಲ. ಡೆನ್ಮಾರ್ಕ್, ಜರ್ಮನಿ, ಸ್ವೀಡನ್‌ಗಳಲ್ಲಿ ಇಂದಿಗೂ ಅದರ ಪಂದ್ಯಗಳು ನಡೆಯುತ್ತವೆ. ಸ್ಯಾನ್ ಫ್ರಾನ್ಸಿಸ್ಕೋದ ಅಂತಾರಾಷ್ಟ್ರೀಯ ಪಂದ್ಯಕ್ಕೆ ಯೂರೋಪಿನಿಂದ ಬರುವವರು ತಮ್ಮ ದೋಣಿ ಹೊತ್ತು ತರುವುದಿಲ್ಲ. ಅಲ್ಲಿನವರ ದೋಣಿಗಳಲ್ಲೇ ಸ್ಪರ್ಧಿಸುತ್ತಾರೆ. ಎಲ್ಲವೂ ಒಂದೇ ಎಂಬ ನಂಬಿಕೆಯಿಲ್ಲದೆ ಇದು ಸಾಧ್ಯವಾಗದು.

ಅಜ್ಜನ ಕಾಲದ ಮರದ ಫೋಕ್‌ಬೋಟ್ ಒಂದನ್ನು ಕೆರೆದು, ವಾರ್ನಿಷ್ ಹಚ್ಚಿ, ಬೇಸಿಗೆಗೆ ನೀರಿಗಿಳಿಸಿದರೆ ಮೊದಲ ಕೆಲವು ದಿನ ಅದು ಸೋರುತ್ತದೆ. ಆಮೇಲೆ ಮರ ನೀರು ಕುಡಿದು ಹಿಗ್ಗಿ, ಹಲಗೆಗಳು ಒಂದನ್ನೊಂದು ಬಿಗಿಯಾಗಿ ಹಿಡಿದುಕೊಂಡು ಸೋರಿಕೆ ನಿಲ್ಲುತ್ತದೆ. ಅಂಥ ದೋಣಿ ಮರುವಾರ ಹೊಸ ಫೈಬರ್‌ಗ್ಲಾಸ್ ದೋಣಿಗಳ ಪಕ್ಕದಲ್ಲಿ ಪಂದ್ಯಕ್ಕೆ ನಿಲ್ಲಬಹುದು. ಅದರ ಒಡೆಯನಿಗೆ ಯಾರೂ ರಿಯಾಯಿತಿ ತೋರಿಸುವುದಿಲ್ಲ. ತೋರಿಸಬೇಕಾದ ಅಗತ್ಯವೂ ಇಲ್ಲ.